ಕೈತೂಕದ ಬ್ಯಾಟರಾಯಪ್ಪ ಹಿಮಾಲಯ ಹತ್ತಿದ್ದು

ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ ತಕ್ಕಡಿಗಳು ಬಂದವು, ತುಕ್ಕು ಹಿಡಿದವು, ಗುಜರಿಗೆ ಹೋದವು. ಬ್ಯಾಟರಾಯಪ್ಪನ ಬಲಗೈ ಮಾತ್ರ ಮೂವತ್ತೊಂದು ವರ್ಷ ಅಲ್ಲೇ ಇತ್ತು. ಈರುಳ್ಳಿ ಮೂಟೆಯ ಕಿವಿ ಹಿಡಿದು, ನೆಲದಿಂದ ಒಂದು ಗೇಣು ಎತ್ತಿ, ಅರೆಗಣ್ಣು ಮುಚ್ಚಿ "ನಲವತ್ತೆಂಟೂವರೆ" ಎಂದು ಇಳಿಸಿದರೆ ಮುಗಿಯಿತು. ಲಾರಿಯವರು ಒಪ್ಪುತ್ತಿದ್ದರು, ಹಮಾಲರು ಒಪ್ಪುತ್ತಿದ್ದರು, ತಕ್ಕಡಿಯೂ ಸ್ವಲ್ಪ ಹೊತ್ತು ಅತ್ತಿತ್ತ ಓಲಾಡಿ, ಬೇರೆ ದಾರಿ ಕಾಣದೆ ಒಪ್ಪುತ್ತಿತ್ತು. ಯಲಹಂಕದ ಹತ್ತಿರದ ಅವನ ಊರಾದ ಸಿಂಗಾಪುರದಲ್ಲಿ ಬಾಣಂತಿಯರು ಆಸ್ಪತ್ರೆಯ ಚೀಟಿಯನ್ನು ನಂಬುವ ಮೊದಲು ಮಗುವನ್ನು ಒಂದು ಸಲ ಅವನ ಕೈಗೆ ಕೊಡುತ್ತಿದ್ದರು. ಅವನು ಮುದ್ದು ಮಾಡುವುದಕ್ಕೂ ಮುಂಚೆ ತೂಕ ಹೇಳುತ್ತಿದ್ದ.

ಇಂಥ ಕೈಗೆ 2016ರ ಸಂಕ್ರಾಂತಿಯ ವಾರ ಗ್ರಹಣ ಹಿಡಿಯಿತು. ಮಂಡಿಯ ಯಜಮಾನ ಮಹೇಂದ್ರ, ವಯಸ್ಸು ಮೂವತ್ತೆರಡು, ಕೆಂಪು ಅಂಕಿ ಮಿಣುಕುವ ಹೊಸ ಮೆಷಿನ್ ತರಿಸಿದ. ಪೂಜೆ ಆಯಿತು, ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಆಮೇಲೆ ಯಾರೋ "ಅಣ್ಣನ ಕೈ ಮೇಲಾ, ಮೆಷಿನ್ ಮೇಲಾ, ನೋಡೇ ಬಿಡಾಣ" ಎಂದರು. ಬ್ಯಾಟರಾಯಪ್ಪ ಮೂಟೆ ಎತ್ತಿ "ಐವತ್ತು" ಎಂದ. ಮೂಟೆಯನ್ನು ಮೆಷಿನ್ ಮೇಲಿಟ್ಟರು. ಮಹೇಂದ್ರ ಎಡಗೈಯನ್ನು ಮೂಟೆಯ ಮೇಲೂರಿ, ಬಗ್ಗಿ, ಅಂಕಿ ಓದಿದ. "ಐವತ್ತೆರಡು!"

ಯಾರ್ಡು ನಕ್ಕಿತು.

"ಬ್ಯಾಟರಾಯಣ್ಣ, ಕೈಯನ್ನ ಸರ್ವಿಸ್‌ಗೆ ಬಿಡಿ" ಎಂದ ಮಹೇಂದ್ರ.

ಬ್ಯಾಟರಾಯಪ್ಪನೂ ನಕ್ಕ. ಆದರೆ ಅಂದಿನಿಂದ ಅವನು ಮೂಟೆ ಎತ್ತುವುದು ಬಿಟ್ಟ. ಮನೆಯಲ್ಲಿ ಹೆಂಡತಿ ವರಲಕ್ಷ್ಮಮ್ಮ ಬದನೆಕಾಯಿ ಚೀಲ ಚಾಚಿ "ಎಷ್ಟಿರಬಹುದ್ರೀ?" ಎಂದು ಕೇಳಿದರೆ, "ಅಂಗಡಿಯವನು ಎಷ್ಟಂದ್ನೋ ಅಷ್ಟು" ಎಂದು ಟಿವಿ ಕಡೆ ತಿರುಗಿದ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಅಂಗಡಿಯವನ ಮಾತು ಒಪ್ಪಿದ್ದು ಅದೇ ಮೊದಲು. ವರಲಕ್ಷ್ಮಮ್ಮನಿಗೆ ದಿಗಿಲಾಯಿತು. ಜ್ವರ ಬಂದರೆ ಕಷಾಯ ಉಂಟು, ಕೈ ಸತ್ತರೆ ಏನು ಕೊಡುವುದು?

ಔಷಧಿ ಸಿಕ್ಕಿದ್ದು ಬೆಳ್ಳುಳ್ಳಿ ಮಂಡಿಯಲ್ಲಿ. ಪಕ್ಕದ ಸಾಲಿನ ಬೆಳ್ಳುಳ್ಳಿ ವ್ಯಾಪಾರಿ ಮುಜಫ್ಫರ್ ಹಿಂದಿನ ವರ್ಷ ಹೆಂಡತಿ ಫರೀದಾಳ ಜೊತೆ ಹಿಮಾಚಲದ ಕಾಡು ಮೇಡುಗಳಲ್ಲಿ ಹತ್ತು ದಿನ ಬೆನ್ನಿಗೆ ಬ್ಯಾಗು ಕಟ್ಟಿಕೊಂಡು ನಡೆದು ಬಂದಿದ್ದ. ಹಿಮದಲ್ಲಿ ಇಬ್ಬರೂ ಹಲ್ಲು ಕಿರಿದು ನಿಂತ ಫೋಟೋ ಅವನ ಗಲ್ಲಾಪೆಟ್ಟಿಗೆಯ ಮೇಲೆ ತೂಗುತ್ತಿತ್ತು. ಬೆಳ್ಳುಳ್ಳಿಯ ರೇಟು ಕೇಳಿದವರೆಲ್ಲ ಮೊದಲು ಹಿಮಾಲಯದ ಕಥೆ ಕೇಳಬೇಕಿತ್ತು.

"ಅಲ್ಲಿ ಒಂದೇ ರೂಲು ಅಣ್ಣಾ" ಎಂದ ಮುಜಫ್ಫರ್ ಒಂದು ದಿನ ಬ್ಯಾಟರಾಯಪ್ಪನಿಗೆ. "ಅವರವರ ಸಾಮಾನು ಅವರವರ ಬೆನ್ನ ಮೇಲೆ. ಒಂಬತ್ತು ಕೆಜಿ ಮೇಲೆ ಹೋದ್ರೆ ಖಲ್ಲಾಸ್. ನಿಮ್ಗೆ ಆಗಲ್ಲ ಬಿಡಿ, ನಿಮ್ಮ ಕೈ ಈಗ..." ಎಂದು ಅರ್ಧಕ್ಕೆ ನಿಲ್ಲಿಸಿ, ಪಾಪ ಅನ್ನಿಸಿ, ಒಂದು ಹಿಡಿ ಬೆಳ್ಳುಳ್ಳಿ ಕೊಟ್ಟು ಕಳಿಸಿದ.

ಬೆಳ್ಳುಳ್ಳಿಯ ಜೊತೆ ಈ ಮಾತೂ ಮನೆಗೆ ಬಂತು. ವರಲಕ್ಷ್ಮಮ್ಮ ಬೆಳ್ಳುಳ್ಳಿ ಸುಲಿಯುತ್ತಾ ಮಾತನ್ನೂ ಸುಲಿದಳು. ಒಂಬತ್ತು ಕೆಜಿ. ತೂಗುವ ಕೆಲಸ. ಗಂಡನಿಗೆ ಕೆಲಸ! ಮರುದಿನವೇ ಫರೀದಾಳನ್ನು ಕರೆದುಕೊಂಡು ಹೋಗಿ, ಜೂನ್ ತಿಂಗಳ ಹಿಮಾಲಯದ ತಂಡಕ್ಕೆ ಗಂಡನದೂ ತನ್ನದೂ ಹೆಸರು ಬರೆಸಿ ಬಂದಳು.

"ಹಿಮಾಲಯಾನಾ? ಮಂಡಿನೋವು ಅಂತ ಮೊನ್ನೆ ಬಸ್ಸಲ್ಲಿ ಸೀಟ್ ಕೇಳಿದ್ಯಲ್ಲೇ!"

"ಸೀಟ್ ಬೇಕಾದಾಗ ಮಂಡಿ ನೋಯುತ್ತೆ. ಅದಕ್ಕೂ ಇದಕ್ಕೂ ಏನ್ ಸಂಬಂಧ? ಬ್ಯಾಗ್ ತೂಗೋ ಕೆಲಸ ನಿಮ್ದು, ಒಂಬತ್ತರ ಮೇಲೆ ಒಂದು ಗ್ರಾಂ ಹೋಗಂಗಿಲ್ಲ."

ಬ್ಯಾಟರಾಯಪ್ಪನ ಕಣ್ಣಿನಲ್ಲಿ ಜನವರಿಯಿಂದ ಆರಿದ್ದ ದೀಪ ಒಂದು ಸಲ ಮಿಣುಕಿತು.

ತಾಲೀಮು ಏಪ್ರಿಲ್‌ನಲ್ಲಿ ಶುರುವಾಯಿತು. ಎರಡು ಬ್ಯಾಗಿಗೂ ಒಂಬತ್ತೊಂಬತ್ತು ಕೆಜಿ ಈರುಳ್ಳಿ ತುಂಬಿ, ಬೆನ್ನಿಗೇರಿಸಿ, ಬೆಳಗ್ಗೆ ಆರಕ್ಕೆ ಸಿಂಗಾಪುರದಿಂದ ದಂಡಯಾತ್ರೆ ಹೊರಟಿತು. ಪ್ರತಿ ಲೇಔಟಿನ ನಾಯಿಗಳೂ ಬೊಗಳುತ್ತಾ ಗಡಿಯವರೆಗೆ ಬಿಟ್ಟು, ಮುಂದಿನ ಲೇಔಟಿನ ನಾಯಿಗಳಿಗೆ ಒಪ್ಪಿಸಿ ವಾಪಸಾದವು. ಯಲಹಂಕ ಕೆರೆಗೆ ಇನ್ನೊಂದು ಮೈಲಿ ಇರುವಾಗ ಎರಡನೇ ಮಹಡಿಯಿಂದ ಹಗ್ಗ ಕಟ್ಟಿದ ಬುಟ್ಟಿಯೊಂದು ತೂಗಾಡುತ್ತಾ ಇಳಿಯಿತು. ಮೇಲಿಂದ ಒಬ್ಬಾಕೆ ಕೂಗಿದಳು: "ಏನಪ್ಪಾ, ಈರುಳ್ಳಿನಾ?"

ಬ್ಯಾಗಿನ ಜಿಪ್ಪಿನಿಂದ ಈರುಳ್ಳಿ ಸಿಪ್ಪೆ ಹೊರಗೆ ಇಣುಕಿತ್ತು. "ಹೂಂ ಕಣಮ್ಮಾ!" ಎಂದು ವರಲಕ್ಷ್ಮಮ್ಮ ಕಿಸಕ್ಕನೆ ನಕ್ಕಳು.

"ಎರಡು ಕೆಜಿ ಹಾಕಿ."

ಬ್ಯಾಟರಾಯಪ್ಪ ಮೈಮರೆತ. ಮೂರು ತಿಂಗಳಾದ ಮೇಲೆ ಕೈ ತಾನಾಗಿ ಚೀಲದೊಳಗೆ ಹೋಯಿತು, ಅಳೆಯಿತು, ಬುಟ್ಟಿ ತುಂಬಿತು.

"ತಕ್ಕಡಿ ಎಲ್ಲಪ್ಪಾ?"

"ಕೈತೂಕಮ್ಮಾ."

"ಕೈತೂಕಾನಾ! ತಕ್ಕಡಿ ಇಲ್ದೆ ಯಾರಪ್ಪಾ ಈರುಳ್ಳಿ ತಗೋತಾರೆ? ತೆಕ್ಕೋ, ತೆಕ್ಕೋ!"

ಬುಟ್ಟಿ ಖಾಲಿಯಾಗಿ ಮೇಲೇರಿತು. ಬ್ಯಾಟರಾಯಪ್ಪ ಕೆರೆಯ ದಂಡೆಯಲ್ಲಿ ಕುಳಿತು ಬಲಗೈಯನ್ನೇ ನೋಡಿಕೊಂಡ. ಅದು ನಿಜವಾಗಿ ಸತ್ತಿದೆಯೋ, ಬರೀ ಮೂರ್ಛೆ ಹೋಗಿದೆಯೋ? ಅಷ್ಟು ತಿಳಿದರೆ ಸಾಕಿತ್ತು ಅವನಿಗೆ.

ಹೊರಡುವ ಮುನ್ನಾದಿನ ಮನೆಯಲ್ಲಿ ತೂಕಯಜ್ಞ ನಡೆಯಿತು. ಬಾಗಿಲ ಚೌಕಟ್ಟಿಗೆ ಕೊಕ್ಕೆ ತಕ್ಕಡಿ ನೇತುಹಾಕಿ ಬ್ಯಾಟರಾಯಪ್ಪ ಕಾಲುಚೀಲದಿಂದ ಹಿಡಿದು ಅಮೃತಾಂಜನದ ಡಬ್ಬಿಯವರೆಗೆ ಎಲ್ಲವನ್ನೂ ತೂಗಿದ. ಒಂದು ಬನಿಯನ್ ಹೊರಗೆ ಬಿತ್ತು. ಬಾಚಣಿಗೆ ಎರಡಿದ್ದದ್ದು ಒಂದಾಯಿತು. ಚಟ್ನಿಪುಡಿ ಡಬ್ಬಿಯಿಂದ ಪ್ಲಾಸ್ಟಿಕ್ ಕವರಿಗೆ ಇಳಿಯಿತು, ಡಬ್ಬಿಯ ಭಾರ ಉಳಿಯಿತೆಂದು.

"ನನ್ನ ತಾಳಿ ಸರಾನೂ ತೂಗ್ತೀರಾ?"

"ಅದು ಮೈಮೇಲಿನ ತೂಕ, ರೂಲಿಗೆ ಬರಲ್ಲ."

ಎರಡು ಬ್ಯಾಗೂ ಮುಳ್ಳು ಅಲುಗದಂತೆ ಒಂಬತ್ತಕ್ಕೆ ನಿಂತವು. ಕೊಕ್ಕೆಯಿಂದ ಇಳಿಸುವಾಗ ಅವನು ಬಲಗೈಯಲ್ಲಿ ಒಂದು ಸಲ, ಯಾರಿಗೂ ಕಾಣದ ಹಾಗೆ, ಎತ್ತಿ ನೋಡಿದ. ಕೈಯೂ "ಒಂಬತ್ತು" ಎಂದಿತು. ಆ ರಾತ್ರಿ ಅವನು ಎರಡು ಮುದ್ದೆ ಉಂಡ.

ಇನ್ನು ಯಶವಂತಪುರದ ರೈಲ್ವೆ ಸ್ಟೇಷನ್. ಡೆಲ್ಲಿ ಕಡೆ ಹೋಗುವ ರೈಲು ಹೊರಡಲು ಹತ್ತು ನಿಮಿಷವಿತ್ತು. ಬ್ಯಾಟರಾಯಪ್ಪ ನೀರು ತರಲು ಇಳಿದಿದ್ದ. ಅಷ್ಟರಲ್ಲಿ ಬಾಗಲೂರಿನಿಂದ ವರಲಕ್ಷ್ಮಮ್ಮನ ಅಕ್ಕ ದೊಡ್ಡಮುನಿಯಮ್ಮ, ಎರಡು ಬಸ್ಸು ಒಂದು ಆಟೋ ಬದಲಿಸಿ, ಏದುಸಿರು ಬಿಡುತ್ತಾ ಬೋಗಿಯ ಬಾಗಿಲಿಗೆ ಬಂದಳು. ಕಂಕುಳಲ್ಲಿ ಒಂದು ಗಂಟು.

"ಸೆರಗೊಡ್ಡೇ!"

"ಅಕ್ಕಾ, ಬೇಡ ಕಣಕ್ಕಾ, ಒಂಬತ್ತೇ ಕೆಜಿ..."

"ಒಂಬತ್ತೂ ಇಲ್ಲ ಅತ್ತೂ ಇಲ್ಲ. ಇಮಾಲಯಕ್ಕೆ ಓಗೋ ಮುತ್ತೈದೇನ ಬರೀ ಸೆರಗಲ್ಲಿ ಕಳ್ಸೋಕಾಯ್ತದಾ? ಒಡ್ಡೇ ಅಂದ್ರೆ!"

ಮಡಿಲಕ್ಕಿಯನ್ನು ಬೇಡ ಎನ್ನಲು ಬರುವುದಿಲ್ಲ. ತವರಿನವರು ಸೆರಗಿಗೆ ಸುರಿದದ್ದನ್ನು ದಾರಿಯಲ್ಲಿ ಬಿಸಾಡಲು ಬರುವುದಿಲ್ಲ, ಕಂಡವರಿಗೆ ಕೊಡಲು ಬರುವುದಿಲ್ಲ. ಅದು ಮನೆಗೇ ಹೋಗಬೇಕು, ಅಲ್ಲೇ ಬೇಯಬೇಕು. ಸೆರಗಿಗೆ ಒಂದು ಸೇರು ಅಕ್ಕಿ ಬಿತ್ತು, ಜುಟ್ಟಿನ ತೆಂಗಿನಕಾಯಿ ಬಿತ್ತು, ಎರಡು ಅಚ್ಚು ಬೆಲ್ಲ, ಅರಿಶಿನದ ಕೊಂಬು, ಎಲೆ ಅಡಿಕೆ, ಒಂದು ಡಜನ್ ಬಳೆ, ರವಿಕೆ ಕಣ. ರೈಲು ಕೂಗಿತು. ದೊಡ್ಡಮುನಿಯಮ್ಮ ಕಣ್ಣೊರೆಸಿಕೊಂಡು ಮಾಯವಾದಳು.

ವರಲಕ್ಷ್ಮಮ್ಮ ಎಲ್ಲವನ್ನೂ ರವಿಕೆ ಕಣದಲ್ಲಿ ಗಂಟು ಕಟ್ಟಿ ಯೋಚಿಸಿದಳು. ಅವಳ ಬ್ಯಾಗನ್ನು ಅವನು ಗಳಿಗೆಗೊಮ್ಮೆ ತಡಕುತ್ತಾನೆ, ಎಲ್ಲಿ ಹೆಂಗಸು ಉಪ್ಪಿನಕಾಯಿ ಸೇರಿಸಿದಳೋ ಎಂದು. ಅವನದೇ ಬ್ಯಾಗಿನ ಮೇಲೆ ಅವನಿಗೆ ಅನುಮಾನವೇ ಇಲ್ಲ. ಗಂಟು ಗಂಡನ ಬ್ಯಾಗಿನ ತಳದ ಜಿಪ್ಪಿನೊಳಗೆ ಹೋಗಿ ಕುಳಿತಿತು.

ಮೂರನೇ ದಿನ ಡೆಲ್ಲಿಯಲ್ಲಿ ಇಳಿಯುವಾಗ ಬ್ಯಾಟರಾಯಪ್ಪ ಬ್ಯಾಗಿಗೆ ಕೈ ಹಾಕಿ ಎತ್ತಿದ. ಕೈ ಸ್ಪಷ್ಟವಾಗಿ, ಮೈಕಿನಲ್ಲಿ ಹೇಳಿದಂತೆ, "ಹನ್ನೊಂದೂಕಾಲು" ಎಂದಿತು.

ಹೆಂಡತಿಯ ಬ್ಯಾಗು ಎತ್ತಿ ನೋಡಿದ: ಒಂಬತ್ತು. ಮತ್ತೆ ತನ್ನದು: ಹನ್ನೊಂದೂಕಾಲು. ತಾನೇ ಕೊಕ್ಕೆಗೆ ಹಾಕಿ ತೂಗಿದ ಬ್ಯಾಗು! ಹಾಗಾದರೆ ಮಹೇಂದ್ರ ಹೇಳಿದ್ದೇ ನಿಜ. ಐವತ್ತರ ಮೇಲೆ ಎರಡು ತಪ್ಪಿದ ಕೈ ಈಗ ಒಂಬತ್ತರ ಮೇಲೇ ಎರಡೂಕಾಲು ತಪ್ಪುತ್ತಿದೆ. ಕಾಯಿಲೆ ಏರುತ್ತಿದೆ.

ಬ್ಯಾಗು ಬಿಚ್ಚಿ ನೋಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಬಿಚ್ಚಿ, ಒಳಗೆ ಏನೂ ಇಲ್ಲದಿದ್ದರೆ? ಕೈ ಸತ್ತದ್ದು ಖಾತ್ರಿಯಾಯಿತಲ್ಲ! ಬಿಚ್ಚದಿದ್ದರೆ ಒಂದು ಎಳೆಯಷ್ಟು ಆಸೆಯಾದರೂ ಉಳಿಯುತ್ತದೆ. ಮೂವತ್ತೊಂದು ವರ್ಷ ಯಾವ ಮೂಟೆಗೂ ಹೆದರದವನು ಈಗ ಒಂದು ಜಿಪ್ಪಿಗೆ ಹೆದರಿದ.

ಹೀಗೆ ಯಾತ್ರೆ ಶುರುವಾಯಿತು. ದೇವದಾರು ಕಾಡು, ಮರದ ಕಾಂಡಗಳ ಸೇತುವೆ, ಹಸಿರು ಬಯಲು, ಕಿವಿಯೊಳಗೆ ಸೀಟಿ ಹೊಡೆಯುವ ಗಾಳಿ. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರು, ಸಂಜೆಗೊಂದು ಕ್ಯಾಂಪು. ತಂಡದವರು ಶಿಖರಗಳ ಫೋಟೋ ತೆಗೆದರು. ಬ್ಯಾಟರಾಯಪ್ಪ ದಾರಿಯ ಕಲ್ಲುಗಳನ್ನು ಎತ್ತಿ ಎತ್ತಿ ನೋಡಿ "ಮೂರೂವರೆ... ಅಥವಾ ಐದೋ?" ಎಂದು ಗೊಣಗಿದ. ಕ್ಯಾಂಪ್ ಲೀಡರನ್ನು ಹಿಡಿದು ತನ್ನ ಮಂಡಿಯ ಹಿಂದಿಯಲ್ಲಿ, ಅಂದರೆ ಆಗ್ರಾದ ಆಲೂಗಡ್ಡೆ ಲಾರಿಯವರಿಂದ ಕಲಿತ ಹಿಂದಿಯಲ್ಲಿ, "ಸಾಬ್, ಊಪರ್ ಜಾನೇ ಸೇ ಸಾಮಾನ್ ಭಾರೀ ಹೋತಾ ಕ್ಯಾ?" ಎಂದು, ಮೇಲೆ ಹೋದಷ್ಟೂ ಸಾಮಾನು ಭಾರವಾಗುತ್ತದೆಯೇ ಎಂದು ಕೇಳಿದ. ಲೀಡರು "ಸಬ್ ಕೋ ಐಸಾ ಹೀ ಲಗತಾ ಹೈ" ಎಂದು ಬೆನ್ನು ತಟ್ಟಿದ. ಎಲ್ಲರಿಗೂ ಹಾಗೇ ಅನ್ನಿಸುತ್ತದಂತೆ! ಎಲ್ಲರ ಕೈಯೂ ಬ್ಯಾಟರಾಯಪ್ಪನ ಕೈಯೂ ಒಂದೇ ಆಯಿತೇ? ಅಂದು ಅವನು ಚಪಾತಿ ಅರ್ಧಕ್ಕೇ ಬಿಟ್ಟ.

ಅತ್ತ ವರಲಕ್ಷ್ಮಮ್ಮನ ಪಾಡು ಬೇರೆ. ಗಂಡ ಏರಿನಲ್ಲಿ ಬಗ್ಗಿ ಏದುಸಿರು ಬಿಡುವಾಗಲೆಲ್ಲ ಅವಳಿಗೆ ತೆಂಗಿನಕಾಯಿ ತನ್ನ ಎದೆಯ ಮೇಲೇ ಕುಳಿತ ಹಾಗಾಗುತ್ತಿತ್ತು. ಹೇಳೋಣವೆಂದರೆ ಒಂಬತ್ತು ಕೆಜಿಯ ವ್ರತ ಕೆಡಿಸಿದ ಪಾಪ. ಬಿಸಾಡೋಣವೆಂದರೆ ತವರಿನ ಅಕ್ಕಿ. ಅದಕ್ಕೇ ದಿನಾ ಬೆಳಗ್ಗೆ "ನೀವು ಚಾ ಕುಡೀರಿ, ಬ್ಯಾಗ್ ನಾನ್ ಕಟ್ತೀನಿ" ಎನ್ನುತ್ತಿದ್ದಳು. ಜಿಪ್ಪಿಗೆ ಹೆದರುತ್ತಿದ್ದ ಅವನು "ಹೂಂ ಕಟ್ಟು, ಕಟ್ಟು" ಎಂದು ದೂರ ಹೋಗಿ, ಬೆಟ್ಟ ನೋಡುವವನಂತೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ತಂಡದಲ್ಲಿ ಇವರ ಹೊಂದಾಣಿಕೆ ಕಂಡು ಎಲ್ಲರಿಗೂ ಮೆಚ್ಚುಗೆ.

ನಡಿಗೆಯ ಏಳನೆಯ ದಿನ ಮಹಾಸಂಗ್ರಾಮದ ದಿನ. ಹದಿಮೂರು ಸಾವಿರ ಅಡಿ ಎತ್ತರದ ಘಟ್ಟದ ನೆತ್ತಿ ದಾಟಬೇಕು. ಕ್ಯಾಂಪಿನ ಡೇರೆ ಪಾತ್ರೆ ಹೊರಲು ಹೇಸರಗತ್ತೆಯೊಂದು ಬಂದಿತ್ತು. ಹೆಸರು ರಾಣಿ, ಹಣೆಯ ಮೇಲೆ ಕೆಂಪು ಗೊಂಡೆ, ಮುಖದ ಮೇಲೆ ಲೋಕವನ್ನೇ ಕಂಡ ಬೇಸರ.

"ರೀ, ಇವತ್ತೊಂದಿನ ಬ್ಯಾಗನ್ನ ಅದರ ಮೇಲೆ ಹಾಕ್ಬಿಡಿ" ಎಂದಳು ವರಲಕ್ಷ್ಮಮ್ಮ.

"ಯಾರ್ಡಲ್ಲಿ ಕೆಲಸ ಮಾಡಿದ ಗಂಡಸು ಕಣೇ ನಾನು! ನನ್ನ ಭಾರಾನ ಪ್ರಾಣಿ ಮೇಲೆ ಹಾಕ್ಲಾ?"

ವರಲಕ್ಷ್ಮಮ್ಮ ಅಲ್ಲೇ ಕುಸಿದು ಕುಳಿತಳು. "ಅಯ್ಯಯ್ಯೋ, ಮಂಡಿ! ನನ್ನ ಬ್ಯಾಗು ಹೊರೋಕಾಗಲ್ಲ ಕಣ್ರೀ. ಒಂದೇ ಹಾಕಿದ್ರೆ ಅದು ವಾಲುತ್ತಂತೆ, ಎರಡೂ ಹಾಕ್ಬೇಕಂತೆ."

ಹೆಂಡತಿಯ ಮಂಡಿಗಾಗಿ ಬ್ಯಾಟರಾಯಪ್ಪ ಮೀಸೆ ಇಳಿಸಿದ. ಹೇಸರಗತ್ತೆಯವನು ಎರಡು ಬ್ಯಾಗನ್ನೂ ಹಗ್ಗದಲ್ಲಿ ಜೋಡಿಸುತ್ತಾ ಕೇಳಿದ: "ಬರಾಬರ್ ಹೈ ನಾ?"

"ಏಕ್‌ದಂ ಬರಾಬರ್. ನೌ ಔರ್ ನೌ, ಒಂಬತ್ತೊಂಬತ್ತು" ಎಂದ ಬ್ಯಾಟರಾಯಪ್ಪ, ಬ್ಯಾಗಿನ ಕಡೆ ನೋಡದೆ.

ಹೇಸರಗತ್ತೆಯವನು ಎಡಕ್ಕೆ ಗಂಡನದು, ಬಲಕ್ಕೆ ಹೆಂಡತಿಯದು ಇಳಿಬಿಟ್ಟು ನಾಲಿಗೆ ಲೊಚಗುಟ್ಟಿಸಿದ. ರಾಣಿ ಎರಡು ಹೆಜ್ಜೆ ಇಟ್ಟಳು. ಜೀನು ಮೆಲ್ಲಗೆ ಎಡಕ್ಕೆ ಜಾರಿತು. ಮೂರನೇ ಹೆಜ್ಜೆಗೆ ಇನ್ನೂ ಜಾರಿತು. ರಾಣಿ ನಿಂತು, ಕತ್ತು ತಿರುಗಿಸಿ, ಎಡಗಡೆಯ ಬ್ಯಾಗನ್ನು ನೋಡಿ ಮೂಗಿನಿಂದ ಗಾಳಿ ಬಿಟ್ಟಳು. ಹೇಸರಗತ್ತೆಯವನು ಬಿಚ್ಚಿ ಮತ್ತೆ ಕಟ್ಟಿದ. ಮತ್ತೆ ಎಡಕ್ಕೇ ಜಾರಿತು. ಬದಲಾಯಿಸಿ, ಗಂಡನದನ್ನು ಬಲಕ್ಕೆ ಹಾಕಿದ. ಈಗ ಬಲಕ್ಕೆ ಜಾರಿತು.

"ಬರಾಬರ್ ನಹೀಂ ಹೈ ಬಾಬೂಜಿ. ಯೇ ವಾಲಾ ಭಾರೀ ಹೈ. ದೋ ಕಿಲೋ ಸೇ ಊಪರ್."

ಬ್ಯಾಟರಾಯಪ್ಪ ರಾಣಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಾಲ್ಕು ಕಾಲು, ಎರಡು ಕಿವಿ, ಒಂದು ಗೊಂಡೆ ಇರುವ ತಕ್ಕಡಿಯೊಂದು ಅವನ ಮುಂದೆ ನಿಂತಿತ್ತು. ಅದಕ್ಕೆ ಅವನ ಮೇಲೆ ಪ್ರೀತಿಯಿಲ್ಲ, ದ್ವೇಷವಿಲ್ಲ, ಯಶವಂತಪುರದ ಸಮಾಚಾರವೇ ಗೊತ್ತಿಲ್ಲ.

"ಎಷ್ಟಂದೆ? ದೋ ಸೇ ಊಪರ್? ಎರಡರ ಮೇಲಾ? ತಾಳು! ರುಕೋ! ಯಾರೂ ಮುಟ್ಬೇಡಿ!"

ಅವನು ದಾರಿಯ ಪಕ್ಕದ ಕಲ್ಲುಗಳ ಮೇಲೆ ಎರಗಿದ. ಒಂದು ಎತ್ತಿದ, ಬಿಸಾಡಿದ. ಇನ್ನೊಂದು ಎತ್ತಿದ, ಬಿಸಾಡಿದ. ಮೂರನೆಯದನ್ನು ಹಿಡಿದು ಅರೆಗಣ್ಣು ಮುಚ್ಚಿದ. ಜನವರಿಯಿಂದ ಆ ಕಣ್ಣು ಹಾಗೆ ಮುಚ್ಚಿರಲಿಲ್ಲ. "ಎರಡೂಕಾಲು!" ಎಂದು ಬೆಟ್ಟ ಮರುದನಿ ಕೊಡುವಂತೆ ಕೂಗಿ, ಕಲ್ಲನ್ನು ಹೆಂಡತಿಯ ಬ್ಯಾಗಿನ ಜೇಬಿಗೆ ತುರುಕಿದ. "ಈಗ ನಡೆಸು!"

ರಾಣಿ ನಡೆದಳು. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಜೀನು ಪಲ್ಲಕ್ಕಿಯಂತೆ ನೆಟ್ಟಗೆ ಕುಳಿತಿತ್ತು.

"ಸತ್ತಿಲ್ಲ ಕಣೇ!" ಬ್ಯಾಟರಾಯಪ್ಪ ಎರಡೂ ಕೈ ಮೇಲೆತ್ತಿ ಕುಣಿದ. "ಕೈ ಸತ್ತಿಲ್ಲ! ಡೆಲ್ಲಿಯಲ್ಲೇ ಹೇಳ್ತು ನಂಗೆ, ಹನ್ನೊಂದೂಕಾಲು ಅಂತ! ನಾನೇ ಮುಂಡೇಮಗ ನಂಬಲಿಲ್ಲ!"

ವರಲಕ್ಷ್ಮಮ್ಮ ಅಳಲು ಶುರು ಮಾಡಿದ್ದಳು. "ಅಕ್ಕನ ಮಡಿಲಕ್ಕಿ ಕಣ್ರೀ... ಸ್ಟೇಷನ್ನಲ್ಲಿ ಹಾಕಿದ್ಲು... ಬೈಬೇಡಿ..."

"ಬೈಯೋದಾ! ತೆಗಿ, ತೆಗಿ, ದರ್ಶನ ಮಾಡ್ಸು!"

ಏಳು ದಿನ ಹೆದರಿದ್ದ ಜಿಪ್ಪನ್ನು ಅವನೇ ಸರ್ರನೆ ಎಳೆದ. ಎಲೆ ಬಾಡಿತ್ತು. ಉಳಿದದ್ದೆಲ್ಲ ಕ್ಷೇಮ. ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು, "ಐನೂರೈವತ್ತು ಗ್ರಾಂ" ಎಂದ. ಬೆಲ್ಲದ ಅಚ್ಚಿಗೆ "ಕಾಲು, ಕಾಲು" ಎಂದ. ಅಕ್ಕಿಗೆ "ನಿಮ್ಮಕ್ಕ ಸೇರು ತಲೆ ಹೊಡೆದು ಅಳೆದಿದ್ದಾಳೆ, ಗೋಪುರ ಬಿಟ್ಟಿಲ್ಲ" ಎಂದು ಚಾಡಿ ಹೇಳಿದ. ಹೇಸರಗತ್ತೆಯವನು ಏನೂ ಅರ್ಥವಾಗದೆ, ದಕ್ಷಿಣದವರು ಬೆಟ್ಟ ಹತ್ತುವ ಮೊದಲು ಹೀಗೊಂದು ಪೂಜೆ ಮಾಡುತ್ತಾರೇನೋ ಎಂದು ಟೋಪಿ ತೆಗೆದು ಕೈಮುಗಿದ.

ಆಮೇಲೆ ಬ್ಯಾಟರಾಯಪ್ಪ ಎರಡೂ ಬ್ಯಾಗನ್ನು ರಾಣಿಯಿಂದ ಇಳಿಸಿದ. ಮಡಿಲಕ್ಕಿಯ ಗಂಟನ್ನು ತನ್ನ ಬ್ಯಾಗಿಗೇ ಹಾಕಿಕೊಂಡು ಬೆನ್ನಿಗೇರಿಸಿದ.

"ಯಾಕ್ರೀ? ಏರು ಜಾಸ್ತಿ ಇದೆ, ಅದೇ ಹೊರಲಿ ಬಿಡಿ."

"ಆರು ದಿನ ಇದು ಏನು ಅಂತ ಗೊತ್ತಿಲ್ದೆ ಹೊತ್ತೆ, ಬೆನ್ನು ಮುರೀತು. ಈಗ ಬೆಲ್ಲ ಅಂತ ಗೊತ್ತಾಯ್ತಲ್ಲ! ನೀನು ನಿಧಾನಕ್ಕೆ ಬಾ, ನಿನ್ನದೂ ಕೊಡು, ನಿನ್ನ ಮಂಡಿ..."

ವರಲಕ್ಷ್ಮಮ್ಮ ಆಗಲೇ ತನ್ನ ಬ್ಯಾಗು ಹೆಗಲಿಗೇರಿಸಿ, ಮೇಕೆಯ ಹಾಗೆ ಮೂರು ತಿರುವು ಮುಂದೆ ಏರಿದ್ದಳು.

"ಮಂಡಿನೋವು ಏನಾಯ್ತೇ?"

"ಸೀಟ್ ಸಿಕ್ತಲ್ಲ!" ಎಂದು ಮೇಲಿಂದ ಕೂಗಿದಳು.

ಮಧ್ಯಾಹ್ನಕ್ಕೆ ಹದಿಮೂರು ಸಾವಿರ ಅಡಿಯ ನೆತ್ತಿಯಲ್ಲಿ, ಮೊಣಕಾಲುದ್ದ ಹಿಮದಲ್ಲಿ, ಇಬ್ಬರೂ ಫೋಟೋ ತೆಗೆಸಿಕೊಂಡರು. ತಂಡದವರೆಲ್ಲ ಕೈ ಚಾಚಿ ಆಕಾಶ ಅಪ್ಪಿದರೆ, ಬ್ಯಾಟರಾಯಪ್ಪ ಬಲಗೈಯಲ್ಲಿ ತೆಂಗಿನಕಾಯಿ ಹಿಡಿದು ನಿಂತಿದ್ದ. ಎರಡೂಕಾಲು ಕೆಜಿಯ ಕಲ್ಲನ್ನು ಅವಳ ಬ್ಯಾಗಿನಿಂದ ತೆಗೆಯಲು ಮರೆತದ್ದು ಸಂಜೆ ಕ್ಯಾಂಪಿನಲ್ಲಿ ಗೊತ್ತಾಗಿ, ಅವಳಿಂದ ಅವನು ಬೈಸಿಕೊಂಡ ಬೈಗುಳ ಯಾವ ತಕ್ಕಡಿಗೂ ಹಿಡಿಸುತ್ತಿರಲಿಲ್ಲ.

ಊರಿಗೆ ಬಂದ ಮೊದಲ ಸೋಮವಾರ ಅವನು ಯಾರ್ಡಿಗೆ ಹೋದ, ಒಂದು ಕೈಯಲ್ಲಿ ಟಿಫನ್ ಡಬ್ಬಿ, ಒಂದು ಕೈಯಲ್ಲಿ ಫೋಟೋ. ಮುಜಫ್ಫರ್ ಫೋಟೋ ನೋಡಿ, "ಕ್ಯಾ ಅಣ್ಣಾ, ಜನ ಅಲ್ಲಿ ಬಾವುಟ ಹಿಡೀತಾರೆ, ನೀವು ನಾರಿಯಲ್ ಹಿಡ್ದಿದ್ದೀರಲ್ಲ!" ಎಂದ. ಬ್ಯಾಟರಾಯಪ್ಪ ಅವನಿಗೆ ಆಮೇಲೆ ಹೇಳುತ್ತೇನೆಂದು ಸನ್ನೆ ಮಾಡಿ, ನೇರ ಮಹೇಂದ್ರನ ಮೆಷಿನ್ನಿನ ಹತ್ತಿರ ಹೋಗಿ, ಯಾರೂ ಕೇಳದೆಯೇ ಒಂದು ಮೂಟೆಯ ಕಿವಿ ಹಿಡಿದು ಎತ್ತಿದ.

"ನಲವತ್ತೊಂಬತ್ತು."

ಹಮಾಲರು ಓಡಿ ಬಂದರು. ಮೂಟೆ ಮೆಷಿನ್ ಏರಿತು. ಮಹೇಂದ್ರ ಅಭ್ಯಾಸದಂತೆ ಎಡಗೈಯನ್ನು ಮೂಟೆಯ ಮೇಲೂರಿ, ಬಗ್ಗಿ, ಓದಿದ. "ಐವತ್ತೊಂದು! ಅಣ್ಣ, ಇನ್ನೂ ಸರ್ವಿಸ್ ಆಗಿಲ್ಲ!"

ಜನವರಿಯ ಬ್ಯಾಟರಾಯಪ್ಪ ಇಲ್ಲಿ ತಲೆ ತಗ್ಗಿಸಿದ್ದ. ಜುಲೈಯ ಬ್ಯಾಟರಾಯಪ್ಪ ಕೈಯ ಮಾತು ನಂಬಿ, ಸುತ್ತಲೂ ಎಲ್ಲಿ ಎರಡು ಕೆಜಿ ಅಡಗಿದೆ ಎಂದು ಹುಡುಕಿದ. ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ.

"ಸ್ವಾಮಿ, ಮೂಟೆ ಮೇಲಿಂದ ನಿಮ್ಮ ಕೈ ಸ್ವಲ್ಪ ತೆಗೀರಿ."

ಮಹೇಂದ್ರ ತನ್ನ ಕೈಯನ್ನೇ, ಬೇರೆ ಯಾರದೋ ಕೈಯೆಂಬಂತೆ ನೋಡಿ, ಎತ್ತಿದ. ಕೆಂಪು ಅಂಕಿಗಳು ಮಿಣುಮಿಣುಕಿ, ನಲವತ್ತೊಂಬತ್ತಕ್ಕೆ ಬಂದು ತೆಪ್ಪಗೆ ನಿಂತವು.

ಯಾರ್ಡಿನಲ್ಲಿ ಎದ್ದ ಶಿಳ್ಳೆಗೆ ಚಾವಣಿಯ ಪಾರಿವಾಳಗಳು ಹಾರಿ ಹೋದವು. ಮುಜಫ್ಫರ್ ಬೆಳ್ಳುಳ್ಳಿ ಬುಟ್ಟಿಯ ಮೇಲೆ ಹತ್ತಿ ನಿಂತು ಚಪ್ಪಾಳೆ ಹೊಡೆದ. ಮಹೇಂದ್ರ ಕಿವಿಯವರೆಗೆ ಕೆಂಪಾಗಿ, ಕೊನೆಗೆ ತಾನೂ ನಕ್ಕು, "ಹಂಗಾದ್ರೆ ಅವತ್ತು ಸಂಕ್ರಾಂತೀಲಿ...?" ಎಂದ.

"ಅವತ್ತಿಂದು ಬಿಡಿ" ಎಂದು ಬ್ಯಾಟರಾಯಪ್ಪ ಟಿಫನ್ ಡಬ್ಬಿ ತೆರೆದ. ತೆಂಗು ಬೆಲ್ಲ ಹಾಕಿದ ಅಕ್ಕಿ ಪಾಯಸ. "ಹಿಮಾಲಯ ಹತ್ತಿಳಿದ ಅಕ್ಕಿ ಇದು. ಒಂದೊಂದು ಚಮಚ ಎಲ್ಲರಿಗೂ. ಮೊದಲು ನೀವು ತಗೊಳ್ಳಿ, ಎಡಗೈ ಜೇಬಲ್ಲಿಟ್ಕೊಂಡು."